ತೇಲಲಿಲ್ಲ, ತಳದಲ್ಲಿತ್ತು: ಪೊನ್ನಂಪೇಟೆ ಕಡೆಯ ಒಂದು ಕೊಟ್ಟಿಗೆ, ಎರಡು ಸಗಣಿ ಮಾದರಿ

ಜನವರಿ ಕೊನೆಯ ವಾರ. ಕಾಫಿ ಕೊಯ್ಲು ಜೋರಾಗಿರುವ ದಿನಗಳು, ಯಾರಿಗೂ ಪುರುಸೊತ್ತಿಲ್ಲ. ಅಂಥ ಹೊತ್ತಲ್ಲಿ ಅಕ್ಕ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸಗಣಿ ಕಟ್ಟಿಕೊಂಡು ನಮ್ಮ ಲ್ಯಾಬಿಗೆ ಬಂದರು. ಕೊಡಗಿನ ಪೊನ್ನಂಪೇಟೆ ಕಡೆಯವರು. ಮನೆಯಲ್ಲಿ ಒಂದು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಅದರದೇ ಒಂದು ಕಡಸು.

"ಹಸು ಒಂಬತ್ತು ಲೀಟರ್ ಕೊಡ್ತಿತ್ತು ಸಾರ್, ಈಗ ನಾಲ್ಕಕ್ಕೆ ಬಂದಿದೆ. ಸಂಜೆ ಹೊತ್ತಿಗೆ ಗದ್ದದ ಕೆಳಗೆ ಚೀಲ ಕಟ್ಟಿದ ಹಾಗೆ ಊದಿಕೊಳ್ತದೆ. ಬೆಳಿಗ್ಗೆ ನೋಡಿದ್ರೆ ಅರ್ಧ ಇಳಿದಿರ್ತದೆ. ಅಂಗಡಿಯವರು ಹುಳದ ಮಾತ್ರೆ ಕೊಟ್ರು. ಎರಡು ಸಲ ಹಾಕಿದ್ದೇನೆ. ಏನೂ ಆಗಲಿಲ್ಲ."

ಮಾತ್ರೆಯ ಖಾಲಿ ಪಟ್ಟಿಯನ್ನು ಅವರು ಜೊತೆಗೇ ತಂದಿದ್ದರು. ಫೆನ್‌ಬೆಂಡಜೋಲ್. ಈ ಪಟ್ಟಿ ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂತು. ಮಾದರಿ ತರುವವರಿಗೆ "ಕೊಟ್ಟ ಔಷಧಿಯ ಕವರ್ ಕೂಡ ತನ್ನಿ" ಅಂತ ಹೇಳುವ ಅಭ್ಯಾಸ ಎಲ್ಲ ಪಶು ಸಹಾಯಕರಿಗೂ ಇರಬೇಕು.

ಆ ತಿಂಗಳು ನಮ್ಮಲ್ಲಿ ಪಶುಸಂಗೋಪನೆ ಡಿಪ್ಲೊಮಾದ ನಾಲ್ಕು ಮಕ್ಕಳು ತರಬೇತಿಗೆ ಬಂದಿದ್ದರು. ಈ ಬರಹ ಅವರ ಹಾಗೆ ಕಲಿಯುತ್ತಿರುವವರಿಗಾಗಿ. ಅಪರೂಪದ ಕಾಯಿಲೆ ಅಂತ ಇದನ್ನು ಬರೆಯುತ್ತಿಲ್ಲ. ಗದ್ದೆ ಇರುವ ಊರಲ್ಲೆಲ್ಲ ಇದು ಇದೆ. ಆದರೆ ನಮ್ಮ ಮೊದಲ ರಿಪೋರ್ಟ್ ತಪ್ಪಿತ್ತು. ಅದು ತಪ್ಪಿದ ರೀತಿಯನ್ನು ಕಲಿಯುವವರು ತಿಳಿಯಲೇಬೇಕು ಅನ್ನಿಸಿತು.

ಮೊದಲ ಪರೀಕ್ಷೆ

ಎರಡನೇ ವರ್ಷದ ಒಬ್ಬ ಹುಡುಗಿ ಮಾದರಿ ತೆಗೆದುಕೊಂಡಳು. ಕೈಕೆಲಸ ಚೊಕ್ಕ. ತೇಲಿಸುವ ವಿಧಾನ, ಅಂದರೆ ಫ್ಲೋಟೇಷನ್ ಮಾಡಿದಳು. ಲೀಟರ್ ಬಿಸಿನೀರಿಗೆ 400 ಗ್ರಾಂನಷ್ಟು ಅಡುಗೆ ಉಪ್ಪು, ಕರಗಿ ಕರಗಿ ಕೊನೆಗೆ ಒಂದಿಷ್ಟು ತಳದಲ್ಲೇ ಉಳಿಯುವಷ್ಟು. ಆರಿದ ಮೇಲೆ ಆ ನೀರಿನಲ್ಲಿ ಮೂರು ಗ್ರಾಂ ಸಗಣಿ ಕಲಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಟ್ಯೂಬಿನ ಬಾಯಿ ಉಬ್ಬುವಷ್ಟು ತುಂಬಿಸಿ, ಮೇಲೆ ಕವರ್‌ಸ್ಲಿಪ್ ಇಟ್ಟು 15 ನಿಮಿಷ ಕಾದಳು. ಸ್ಲೈಡಿನಲ್ಲಿ ಕಂಡದ್ದು ಗಾಳಿಗುಳ್ಳೆ, ಹೂವಿನ ಪರಾಗ, ಎರಡು ಶಿಲೀಂಧ್ರದ ಬೀಜಕಣ. ಅಷ್ಟೇ.

"ಮೊಟ್ಟೆ ಇಲ್ಲ" ಅಂತ ಬರೆದಳು. ನಾನೂ ನೋಡಿ ಸಹಿ ಹಾಕಿದೆ. ಜಂತುಹುಳುಗಳಿಗೆ ಎರಡು ಸಲ ಮಾತ್ರೆ ಬಿದ್ದಿತ್ತಲ್ಲ, ಸ್ಲೈಡ್ ಖಾಲಿ ಇದ್ದದ್ದು ಸಹಜ ಅನ್ನಿಸಿತ್ತು.

ಡಾಕ್ಟರ್ ಮೇಡಂ ಆ ಚೀಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಯಾವ ವಿಧಾನದಲ್ಲಿ ನೋಡಿದ್ರಿ?"

ಚೀಟಿಯಲ್ಲಿ ಅದು ಇರಲಿಲ್ಲ. ನನಗೆ ತಕ್ಷಣ ಅರ್ಥವಾಯಿತು, ಹುಡುಗಿಗೆ ಆಗಲಿಲ್ಲ. ಅವಳನ್ನು ಕೂರಿಸಿಕೊಂಡು ಹೇಳಿದೆ.

ಉಪ್ಪಿನ ದ್ರಾವಣದ ಸಾಂದ್ರತೆ 1.18ರಿಂದ 1.20. ಅದಕ್ಕಿಂತ ಹಗುರ ಇದ್ದದ್ದು ಮೇಲೆ ಬರುತ್ತದೆ. ಸ್ಟ್ರಾಂಗೈಲ್ ಜಾತಿಯ ದುಂಡುಹುಳುಗಳ ಮೊಟ್ಟೆ ಬರುತ್ತದೆ, ಕಾಕ್ಸಿಡಿಯಾ ಅನ್ನುವ ಏಕಕೋಶ ಪರಾವಲಂಬಿಯ ಗೂಡು, ಅಂದರೆ ಊಸಿಸ್ಟ್, ಬರುತ್ತದೆ, ಲಾಡಿಹುಳುವಿನ ಮೊಟ್ಟೆಯೂ ಬರುತ್ತದೆ. ಆದರೆ ಚಪ್ಪಟೆ ಹುಳುಗಳದ್ದು, ಅಂದರೆ ಪಿತ್ತನಾಳದಲ್ಲಿ ಕೂರುವ ಲಿವರ್ ಫ್ಲೂಕ್ ಮತ್ತು ಹೊಟ್ಟೆಯಲ್ಲಿ ಕೂರುವ ಆಂಫಿಸ್ಟೋಮ್‌ಗಳ ಮೊಟ್ಟೆ, ದೊಡ್ಡದು, ಭಾರ. ಅದು ಆ ಉಪ್ಪುನೀರಿನಲ್ಲಿ ತೇಲುವುದಿಲ್ಲ. ಸಾಂದ್ರತೆ ಹೆಚ್ಚಿಸಿದ ಬೇರೆ ದ್ರಾವಣದಲ್ಲಿ ತೇಲಿಸಲು ಹೋದರೆ ಎಷ್ಟೋ ಸಲ ಕುಗ್ಗಿ, ಆಕಾರ ಕೆಟ್ಟು, ಗುರುತೇ ಸಿಗುವುದಿಲ್ಲ. ಹಾಗಾಗಿ ನಾವು ಹುಡುಕಿದ್ದು ನೀರಿನ ಮೇಲ್ಭಾಗದಲ್ಲಿ. ಅದು ಇದ್ದದ್ದೇ ಆದರೆ ಇರುವುದು ನಾವು ತೊಳೆದು ಚೆಲ್ಲಿದ ತಳದಲ್ಲಿ.

ಇನ್ನೊಂದು ತೊಂದರೆಯೂ ಇತ್ತು. ಅಕ್ಕ ತಂದ ಸಗಣಿ ನೆಲದಿಂದ ಎತ್ತಿದ್ದು, ಅದೂ ಹಿಂದಿನ ದಿನದ್ದು. ನೆಲದ ಸಗಣಿಗೆ ಮಣ್ಣಿನಲ್ಲಿ ತಾವಾಗಿ ಬದುಕುವ ಸಣ್ಣ ಹುಳುಗಳು ಸೇರಿಕೊಳ್ಳುತ್ತವೆ. ದುಂಡುಹುಳುಗಳ ಮೊಟ್ಟೆ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನದಲ್ಲೇ ಒಡೆದು ಮರಿ ಹೊರಬರುತ್ತದೆ. ಆಮೇಲೆ ಯಾವುದು ಹಸುವಿನ ಒಳಗಿನದು, ಯಾವುದು ಅಂಗಳದ್ದು ಅಂತ ಹೇಳುವುದು ಕಷ್ಟ. ಅದಕ್ಕೇ ಮಾದರಿಯನ್ನು ಗುದದೊಳಗಿಂದಲೇ ತೆಗೆಯಬೇಕು ಅನ್ನುವುದು.

ಕೊಟ್ಟಿಗೆಯಲ್ಲಿ ಕಂಡದ್ದು

ಮರುದಿನ ಮೇಡಂ ಜೊತೆ ನಾವೆಲ್ಲ ಹೋದೆವು. ಮನೆ ಎತ್ತರದಲ್ಲಿ, ಹಿಂದೆ ಕಾಫಿ ತೋಟ, ಪಕ್ಕದಲ್ಲಿ ಬಾಣೆ, ಅಂದರೆ ಮರ-ಹುಲ್ಲಿನ ಎತ್ತರದ ಜಾಗ, ಕೆಳಗೆ ಗದ್ದೆ. ಗದ್ದೆಯ ಅಂಚಿನಲ್ಲಿ ಲಕ್ಷ್ಮಣತೀರ್ಥ ನದಿ ಸೇರುವ ಒಂದು ಸಣ್ಣ ತೋಡು. ಕೊಡಗಿನಲ್ಲಿ ಹೀಗೆ ಇರುವ ಮನೆಗಳು ಎಷ್ಟೋ.

ಹಸುವಿನ ಗದ್ದದ ಕೆಳಗೆ ಮುಷ್ಟಿ ಗಾತ್ರದ ಬಾವು. ಮೇಡಂ ಹುಡುಗಿಯ ಕೈ ಹಿಡಿದು ಅಲ್ಲಿ ಒತ್ತಿಸಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ನೋವಿಲ್ಲ, ಬಿಸಿಯಿಲ್ಲ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ನೀರು ರಕ್ತನಾಳದಿಂದ ಹೊರಗೆ ಜಿನುಗಿ ತಗ್ಗಿನ ಜಾಗಕ್ಕೆ ಇಳಿಯುತ್ತದೆ. ದನ ದಿನವಿಡೀ ತಲೆ ತಗ್ಗಿಸಿ ಮೇಯುತ್ತದೆ, ಹಾಗಾಗಿ ಸಂಜೆಗೆ ಗದ್ದದಲ್ಲಿ ತುಂಬುತ್ತದೆ. ರಾತ್ರಿ ಕೊಟ್ಟಿಗೆಯಲ್ಲಿ ತಲೆ ಎತ್ತಿ ಮಲಗಿದಾಗ ಇಳಿಯುತ್ತದೆ. ಅಕ್ಕ ಹೇಳಿದ್ದು ಅಕ್ಷರಶಃ ಸರಿ ಇತ್ತು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು.

ಇಂಥ ಬಾವಿಗೆ ಕಾರಣ ಒಂದೇ ಅಲ್ಲ. ರಕ್ತ ಹೀರುವ ಹಿಮಾಂಕಸ್ ಹುಳು ಇರಬಹುದು. ಉಣ್ಣೆಹುಳು ಕಚ್ಚಿ ಬರುವ ರಕ್ತದ ಪರಾವಲಂಬಿ ಥೈಲೇರಿಯಾ ಇರಬಹುದು. ಕರುಳಿಗೆ ಬ್ಯಾಕ್ಟೀರಿಯಾ ಹತ್ತುವ ಜೋನ್ಸ್ ಕಾಯಿಲೆಯಲ್ಲೂ ಭೇದಿ ಮತ್ತು ಗದ್ದದ ಬಾವು ಬರುತ್ತದೆ. ತಂತಿ ನುಂಗಿ ಹೃದಯದ ಚೀಲಕ್ಕೆ ಚುಚ್ಚಿದರೂ ಬಾವು ಬರುತ್ತದೆ, ಆದರೆ ಆಗ ಎದೆಯ ಮುಂಭಾಗವೂ ಊದಿ ಕುತ್ತಿಗೆಯ ರಕ್ತನಾಳ ಉಬ್ಬಿರುತ್ತದೆ. ಇಲ್ಲಿ ಅದು ಇರಲಿಲ್ಲ. ಮಿಕ್ಕವನ್ನು ಲ್ಯಾಬಿನಲ್ಲೇ ನೋಡಬೇಕು.

ಕಿವಿಯ ಅಂಚಿನ ರಕ್ತನಾಳದಿಂದ ತೆಳು ಲೇಪನ ತೆಗೆದೆವು. ಪಿ.ಸಿ.ವಿ.ಗೆ, ಅಂದರೆ ರಕ್ತದಲ್ಲಿ ಕೆಂಪುಕಣಗಳು ಶೇಕಡಾ ಎಷ್ಟು ಅಂತ ನೋಡಲು, ರಕ್ತ ಹೆಪ್ಪುಗಟ್ಟದ ಇ.ಡಿ.ಟಿ.ಎ. ಟ್ಯೂಬಿನಲ್ಲಿ ರಕ್ತ. ಗ್ಲೌಸ್ ಹಾಕಿ ಹಸುವಿನಿಂದ ಒಂದು ಹಿಡಿ ಸಗಣಿ, ಕಡಸಿನಿಂದ ಎರಡು ಹಿಡಿ. ಡಬ್ಬಿಯ ಮೇಲೆ ಹಳದಿ ಕಿವಿಓಲೆಯ 12 ಅಂಕಿ, ತಾರೀಕು, ಗಂಟೆ. ಮುಚ್ಚಳದ ಮೇಲೆ ಬರೆಯಬೇಡಿ, ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳ ಅದಲುಬದಲಾಗುತ್ತದೆ. ಐಸ್ ಡಬ್ಬಿಯಲ್ಲಿ ಇಟ್ಟೆವು.

ಕಡಸಿನ ಬಗ್ಗೆ ಅಕ್ಕ ಮೊದಲು ಏನೂ ಹೇಳಿರಲಿಲ್ಲ. ಹಾಲು ಕೊಡುವುದಿಲ್ಲವಲ್ಲ, ಹಾಗಾಗಿ ಗಮನ ಅದರ ಮೇಲೆ ಹೋಗಿರಲಿಲ್ಲ. ಆದರೆ ಎರಡರಲ್ಲಿ ಜಾಸ್ತಿ ಸೋತಿದ್ದು ಅದೇ. 14 ತಿಂಗಳಿನದು. ಬಾಲ, ತೊಡೆ ಎಲ್ಲ ನೀರು ಭೇದಿಯಿಂದ ಅಂಟಿಕೊಂಡಿತ್ತು. ವಾಸನೆ ಸಹಿಸಲು ಆಗುತ್ತಿರಲಿಲ್ಲ. ಹುಲ್ಲು ಮುಂದಿಟ್ಟರೆ ಮೂಸಿ ಬಿಟ್ಟುಬಿಡುತ್ತಿತ್ತು. ಒಂದೇ ಸಮ ನೀರು ಕುಡಿಯುತ್ತಿತ್ತು.

ಮೇಡಂ ಮೇವಿನ ಬಗ್ಗೆ ಕೇಳುತ್ತಾ ಹೋದರು. ಮಳೆಗಾಲದಲ್ಲಿ ಹಸು ಕೊಟ್ಟಿಗೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಆದರೆ ನಾಟಿ ಆದ ಮೇಲೆ, ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದು ಹಬ್ಬದ ಹೊತ್ತಿಗೆಲ್ಲ, ಗದ್ದೆ ಬದುವಿನ ಹುಲ್ಲು ಕೊಯ್ದು ತಂದು ಹಾಕುತ್ತಿದ್ದರು. ಕಡಸು ಆಗ ಬಾಣೆಯಲ್ಲಿ ಮೇಯುತ್ತಿತ್ತು. ಸುಗ್ಗಿ ಹಬ್ಬ ಪುತ್ತರಿ ಮುಗಿದು ಭತ್ತದ ಕೊಯ್ಲೂ ಆದ ಮೇಲೆ, ಡಿಸೆಂಬರ್ ಕೊನೆಗೆ, ಎರಡನ್ನೂ ಗದ್ದೆಗೆ ಬಿಟ್ಟಿದ್ದರು.

ಈ ಎರಡು ತಾರೀಕನ್ನು ಓದುವವರು ನೆನಪಿಟ್ಟುಕೊಳ್ಳಿ.

ತಳ ನೋಡುವ ಕೆಲಸ

ರಕ್ತದ ಲೇಪನವನ್ನು ಗೀಮ್ಸಾ ಬಣ್ಣದಲ್ಲಿ ನೋಡಿದೆವು. ಥೈಲೇರಿಯಾ ಕಾಣಲಿಲ್ಲ. ಹಸುವಿನ ಪಿ.ಸಿ.ವಿ. 19 ಬಂತು. ಆರೋಗ್ಯವಂತ ದನದಲ್ಲಿ 24ರಿಂದ 46 ಇರಬೇಕು.

ಆಮೇಲೆ ಸಗಣಿ. ಈ ಸಲ ಸೆಡಿಮೆಂಟೇಷನ್, ಅಂದರೆ ತಳಕ್ಕೆ ಇಳಿಸಿ ನೋಡುವುದು. ಉಪ್ಪು ಬೇಡ, ಬಣ್ಣದ ಬಾಟಲಿ ಬಿಟ್ಟರೆ ದುಡ್ಡಿನ ಸಾಮಾನು ಒಂದೂ ಬೇಡ. ಬೇಕಾಗಿರುವುದು ತಾಳ್ಮೆ.

ಐದು ಗ್ರಾಂ ಸಗಣಿಯನ್ನು ನಲ್ಲಿ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಟೀ ಜಾಲರಿಯಲ್ಲಿ ಸೋಸಿ, ಮೊನೆಯಾದ ತಳದ ಗ್ಲಾಸಿಗೆ ಸುರಿದು ತುಂಬ ನೀರು ಹಾಕಬೇಕು. ಐದು ನಿಮಿಷ ಅಲುಗಾಡಿಸದೆ ಬಿಡಬೇಕು. ಭಾರದ ಮೊಟ್ಟೆ ಬೇಗ ಇಳಿಯುತ್ತದೆ, ಹುಲ್ಲಿನ ನಾರು ಮತ್ತು ಹಸಿರು ಪುಡಿ ನಿಧಾನ. ಮೇಲಿನ ನೀರನ್ನು ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ ಚೆಲ್ಲಬೇಕು. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ತಳ ಕದಡಿ ಮೊಟ್ಟೆಯೂ ನೀರಿನ ಜೊತೆ ಹೋಗುತ್ತದೆ. ಮಕ್ಕಳು ಹೆಚ್ಚು ತಪ್ಪುವುದು ಇಲ್ಲೇ. ಮತ್ತೆ ನೀರು, ಮತ್ತೆ ಐದು ನಿಮಿಷ. ಮೇಲಿನ ನೀರು ತಿಳಿಯಾಗುವವರೆಗೆ ಹೀಗೇ. ಹುಡುಗಿ ನಾಲ್ಕು ಸಲ ಮಾಡಿದಳು.

ತಳದಲ್ಲಿ ಉಳಿದದ್ದು ಒಂದು ಚಮಚದಷ್ಟು ಬೂದು ಕೆಸರು. ಅದಕ್ಕೆ ಒಂದು ಹನಿ ಮೀಥಿಲೀನ್ ಬ್ಲೂ. ಈ ಒಂದು ಹನಿ ಮಾಡುವ ಕೆಲಸ ನನಗೆ ಇವತ್ತಿಗೂ ಬೆರಗು. ಹುಲ್ಲಿನ ಚೂರು, ನಾರು, ಕಸ ಎಲ್ಲ ನೀಲಿ ಕುಡಿಯುತ್ತದೆ. ಫ್ಲೂಕ್ ಮೊಟ್ಟೆ ಕುಡಿಯುವುದಿಲ್ಲ.

ಹಸುವಿನ ಮೊದಲ ಸ್ಲೈಡ್ ಹತ್ತರ ಲೆನ್ಸಿನ ಕೆಳಗೆ ಹೋಯಿತು. ಎಡಮೂಲೆಯಿಂದ ಶುರು ಮಾಡಿ, ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ. ಮೂರನೇ ಸಾಲಿನಲ್ಲಿ ಹುಡುಗಿಯ ಕೈ ನಿಂತಿತು. ನೀಲಿಯ ನಡುವೆ ಒಂದು ತಿಳಿ, ಬಣ್ಣವಿಲ್ಲದ, ಕೋಳಿಮೊಟ್ಟೆ ಆಕಾರ. ಒಂದು ತುದಿಯಲ್ಲಿ ಮುಚ್ಚಳದ ಗೆರೆ. ಇನ್ನೊಂದು ತುದಿ ಕೊಂಚ ದಪ್ಪ. ಒಳಗೆ ದೊಡ್ಡ ದೊಡ್ಡ ಕೋಶ ತಿಳಿಯಾಗಿ ಕಾಣುತ್ತಿತ್ತು. ಆಂಫಿಸ್ಟೋಮ್. ಅದೇ ಸ್ಲೈಡಿನಲ್ಲಿ ಅಂಥವು ಹನ್ನೊಂದು.

ಎರಡನೇ ಸ್ಲೈಡಿನಲ್ಲಿ ಬೇರೆಯದು ಬಂತು. ಇದೂ ಮುಚ್ಚಳದ ಮೊಟ್ಟೆಯೇ, ಆದರೆ ಬಣ್ಣ ಜೇನಿನದು. ಪಿತ್ತನಾಳದಿಂದ ಬಂದ ಮೊಟ್ಟೆಗೆ ಪಿತ್ತದ ಹಳದಿ ಹತ್ತಿರುತ್ತದೆ. ಒಳಗೆಲ್ಲ ಸಣ್ಣ ಸಣ್ಣ ಕಾಳು ಒತ್ತಾಗಿ ತುಂಬಿದ್ದವು. ಐಪೀಸಿನ ಅಳತೆ ಗೆರೆಯಲ್ಲಿ 17 ಮನೆ. ನಮ್ಮ ಮೈಕ್ರೋಸ್ಕೋಪಿನಲ್ಲಿ ಆ ಲೆನ್ಸಿಗೆ ಒಂದು ಮನೆ 10 ಮೈಕ್ರಾನ್. ಅಂದರೆ 170. ನಮ್ಮ ಕಡೆಯ ದನಗಳಲ್ಲಿ ಕಾಣುವ ಲಿವರ್ ಫ್ಲೂಕ್, ಫ್ಯಾಸಿಯೋಲಾ ಜೈಗ್ಯಾಂಟಿಕಾದ ಅಳತೆಗೆ ಸರಿಹೊಂದುತ್ತದೆ. ಎರಡನೇ ಸ್ಲೈಡಿನಲ್ಲಿ ಅಂಥವು ಮೂರು.

ಎರಡನ್ನೂ ಒಂದೇ ನೋಟದಲ್ಲಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಒಂದು ಗಾಜಿನ ಹಾಗೆ, ಇನ್ನೊಂದು ಜೇನಿನ ಹಾಗೆ. ನಾಲ್ಕು ಮಕ್ಕಳನ್ನೂ ಸರದಿಯಲ್ಲಿ ಕೂರಿಸಿ ತೋರಿಸಿದೆ. ಬಣ್ಣದ ಚಿತ್ರದಲ್ಲಿ ಹತ್ತು ಸಲ ನೋಡಿದ್ದಕ್ಕಿಂತ ಇದು ಮೇಲು.

ಈಗ ಮಾತ್ರೆಯ ಪಟ್ಟಿಯ ಮಾತು. ಫೆನ್‌ಬೆಂಡಜೋಲ್ ದುಂಡುಹುಳುಗಳಿಗೆ ಒಳ್ಳೆಯ ಔಷಧಿ. ದನಕ್ಕೆ ಕೊಡುವ ಪ್ರಮಾಣದಲ್ಲಿ ಈ ಎರಡು ಚಪ್ಪಟೆ ಹುಳುಗಳಿಗೆ ಅದು ನಾಟುವುದಿಲ್ಲ. "ಹುಳದ ಮಾತ್ರೆ" ಅಂತ ಒಂದೇ ಹೆಸರಿನಲ್ಲಿ ಎಲ್ಲವೂ ಮಾರಾಟವಾಗುತ್ತದೆ. ಅಕ್ಕ ಎರಡು ಸಲ ದುಡ್ಡು ಕೊಟ್ಟರು, ಫ್ಲೂಕ್‌ಗೆ ಒಂದು ಗೀರೂ ಬೀಳಲಿಲ್ಲ. ನನಗೆ ಇದು ನಿಜಕ್ಕೂ ಸಂಕಟ ತಂದ ವಿಷಯ.

ಕಡಸಿನ ಖಾಲಿ ಸ್ಲೈಡ್

ಕಡಸಿನ ಸಗಣಿಯನ್ನು ಅದೇ ರೀತಿ ತೊಳೆದು ಐದು ಸ್ಲೈಡ್ ನೋಡಿದೆವು. ಆಂಫಿಸ್ಟೋಮ್ ಇಲ್ಲ, ಫ್ಯಾಸಿಯೋಲಾ ಇಲ್ಲ. ಫ್ಲೋಟೇಷನ್‌ನಲ್ಲಿ ಒಂದೆರಡು ಸ್ಟ್ರಾಂಗೈಲ್ ಮೊಟ್ಟೆ ಮಾತ್ರ. ಅಷ್ಟಕ್ಕೆ ಕಡಸು ಈ ಸ್ಥಿತಿಗೆ ಬರುವುದಿಲ್ಲ.

ಹುಡುಗಿ ಈ ಸಲ ಪೆನ್ನು ಎತ್ತಲಿಲ್ಲ. "ಸಾರ್, ವಿಧಾನ ಸರಿ ಇದೆ. ಆದರೂ ಇಲ್ಲ ಅಂದ್ರೆ?" ಅಂತ ಕೇಳಿದಳು.

ಅವಳಿಗೆ ಹೇಳಿದ್ದು ಇದು. ಮೊಟ್ಟೆ ಇಡುವುದು ಬೆಳೆದ ಹುಳು. ಮರಿ ಹುಳು ಮೊಟ್ಟೆ ಇಡುವುದಿಲ್ಲ, ಆದರೆ ಹಾನಿ ಮಾಡುತ್ತದೆ. ಆಂಫಿಸ್ಟೋಮ್ ವಿಷಯದಲ್ಲಂತೂ ಹೆಚ್ಚು ಹಾನಿ ಮಾಡುವುದೇ ಮರಿ. ಬೆಳೆದವು ರೂಮೆನ್ನಿನಲ್ಲಿ, ಅಂದರೆ ದನದ ಹೊಟ್ಟೆಯ ದೊಡ್ಡ ಕೋಣೆಯಲ್ಲಿ, ನೂರಾರು ಇದ್ದರೂ ದನ ಎಷ್ಟೋ ಸಲ ತಡೆದುಕೊಳ್ಳುತ್ತದೆ. ಮರಿಗಳು ಮೊದಲ ಕೆಲವು ವಾರ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಪೊರೆಯನ್ನು ಹೀರಿ ಕಚ್ಚಿಕೊಂಡಿರುತ್ತವೆ. ಸಾವಿರಗಟ್ಟಲೆ ಇದ್ದರೆ ಕರುಳು ಹುಣ್ಣಾಗುತ್ತದೆ, ಭೇದಿ ನಾರುತ್ತದೆ, ಎಳೆಯ ದನ ಸಾಯುತ್ತದೆ. ಆಮೇಲೆ ಅವು ಮೇಲಕ್ಕೆ ಹತ್ತಿ ರೂಮೆನ್ ಸೇರಿ, ಬೆಳೆದು, ಮೊಟ್ಟೆ ಇಡಲು ಹುಲ್ಲು ತಿಂದ ದಿನದಿಂದ ಎರಡು ಮೂರು ತಿಂಗಳು ಬೇಕು. ಫ್ಯಾಸಿಯೋಲಾ ಜೈಗ್ಯಾಂಟಿಕಾಗೆ ಇನ್ನೂ ಜಾಸ್ತಿ, ಮೂರರಿಂದ ನಾಲ್ಕು ತಿಂಗಳು.

ಈಗ ತಾರೀಕು ನೋಡಿ. ಹಸು ಬದುವಿನ ಹುಲ್ಲು ತಿಂದದ್ದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಜನವರಿಗೆ ಅದರ ಹುಳು ಬೆಳೆದು ಮೊಟ್ಟೆ ಇಡುತ್ತಿವೆ. ಕಡಸು ಗದ್ದೆಗೆ ಇಳಿದದ್ದು ಡಿಸೆಂಬರ್ ಕೊನೆಗೆ. ನಾಲ್ಕೇ ವಾರ. ಅದರೊಳಗೆ ಇರುವುದು ಮರಿ. ಅದರ ಸಗಣಿಯಲ್ಲಿ ಮೊಟ್ಟೆ ಹುಡುಕುವುದು ಹೂ ಬಿಡದ ಗಿಡದಲ್ಲಿ ಕಾಫಿ ಹಣ್ಣು ಹುಡುಕಿದ ಹಾಗೆ.

ಹಾಗಾದರೆ ಮರಿಯನ್ನೇ ಹುಡುಕೋಣ ಅಂದರು ಮೇಡಂ. ಭೇದಿ ಜೋರಾಗಿದ್ದರೆ ಕೆಲವು ಮರಿಗಳು ಕಿತ್ತುಕೊಂಡು ಸಗಣಿಯಲ್ಲೇ ಬಂದುಬಿಡುತ್ತವೆ. ಉಳಿದಿದ್ದ ಸಗಣಿಯನ್ನೆಲ್ಲ ಬಕೆಟ್ಟಿಗೆ ಹಾಕಿ ನೀರು ತುಂಬಿದೆವು. ಈ ಸಲ ಜಾಲರಿ ಇಲ್ಲ. ಎರಡು ಮೂರು ಮಿಲಿಮೀಟರಿನ ಮರಿ ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಇಳಿಸಿ, ಚೆಲ್ಲಿ, ಇಳಿಸಿ, ಚೆಲ್ಲಿ, ಕೊನೆಗೆ ಉಳಿದ ಕೆಸರನ್ನು ಕಪ್ಪು ಟ್ರೇಗೆ ತೆಳುವಾಗಿ ಹರಡಿದೆವು. ಕಿಟಕಿ ಬೆಳಕಿಗೆ ಹಿಡಿದು ನಾಲ್ಕು ತಲೆ ಒಟ್ಟಿಗೆ ಬಗ್ಗಿದವು.

ಮೊದಲು ಕಂಡವನು ಸೋಮವಾರಪೇಟೆಯ ಹುಡುಗ. ಅಕ್ಕಿನುಚ್ಚಿನಷ್ಟು ದೊಡ್ಡದು, ಮಾಸಲು ಗುಲಾಬಿ. ಸೂಜಿಯ ತುದಿಯಲ್ಲಿ ಮುಟ್ಟಿದಾಗ ಮೆಲ್ಲಗೆ ಮುದುರಿಕೊಂಡಿತು. ಇನ್ನೂ ಜೀವ ಇತ್ತು. ಸ್ಲೈಡಿನಲ್ಲಿಟ್ಟು ನಾಲ್ಕರ ಲೆನ್ಸಿನಲ್ಲಿ ನೋಡಿದರೆ ಶಂಕುವಿನ ಆಕಾರ, ಅಗಲವಾದ ಹಿಂತುದಿಯಲ್ಲಿ ದುಂಡನೆಯ ಹೀರುಬಟ್ಟಲು. ಆಂಫಿಸ್ಟೋಮಿನ ಗುರುತೇ ಅದು. ಟ್ರೇಯಲ್ಲಿ ಒಟ್ಟು ಏಳು ಸಿಕ್ಕವು.

ಔಷಧಿ, ತೂಕ

ಔಷಧಿ ತೀರ್ಮಾನ ಡಾಕ್ಟರದು, ಸಹಾಯಕರದಲ್ಲ. ಮೇಡಂ ಆಕ್ಸಿಕ್ಲೋಜನೈಡ್ ಬರೆದರು. ಬೆಳೆದ ಫ್ಯಾಸಿಯೋಲಾಗೂ ಆಂಫಿಸ್ಟೋಮ್‌ಗೂ ಅದು ನಡೆಯುತ್ತದೆ. ಕಡಸಿಗೆ ಮೂರು ದಿನ ಬಿಟ್ಟು ಎರಡನೇ ಸಲ. ಜೊತೆಗೆ ಕಡಸಿಗೆ ಡ್ರಿಪ್.

ಸಹಾಯಕರ ಕೆಲಸ ಇಲ್ಲಿ ತೂಕ. ಅಕ್ಕ "ಹಸು 250 ಕೆ.ಜಿ. ಇರಬಹುದು" ಅಂದರು. ಟೇಪಿನಲ್ಲಿ ಎದೆಸುತ್ತು 64 ಇಂಚು, ಭುಜದಿಂದ ಹಿಂದಿನ ಮೂಳೆವರೆಗೆ ಉದ್ದ 56 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ 347 ಕೆ.ಜಿ. ಅಂದಾಜಿಗೆ ಬಿಟ್ಟಿದ್ದರೆ ಔಷಧಿ ಸುಮಾರು ಮುಕ್ಕಾಲು ಪಾಲಷ್ಟೇ ಹೋಗುತ್ತಿತ್ತು. ಹಾಲನ್ನು ಎಷ್ಟು ದಿನ ಡೈರಿಗೆ ಹಾಕಬಾರದು ಅನ್ನುವುದನ್ನು ಲೇಬಲ್ ಓದಿ ಮೇಡಂ ಅಕ್ಕನಿಗೆ ಬರೆದುಕೊಟ್ಟರು.

ತೋಡಿನ ಬದಿಯಲ್ಲಿ

ಎರಡನೇ ಔಷಧಿ ದಿನ ಮಕ್ಕಳನ್ನು ಗದ್ದೆಗೆ ಇಳಿಸಿದೆ. ಗದ್ದೆ ಒಣಗುತ್ತಿತ್ತು. ನೀರು ಉಳಿದಿದ್ದು ತೋಡಿನ ಬದಿಯ ಎರಡು ಗುಂಡಿಯಲ್ಲಿ. ಸುತ್ತಲಿನ ಬಸವನಹುಳುಗಳೆಲ್ಲ ಅಲ್ಲೇ ಸೇರಿದ್ದವು, ಹಸಿರು ಹುಲ್ಲೂ ಅಲ್ಲೇ ಇತ್ತು, ದನದ ಗೊರಸಿನ ಗುರುತೂ ಅಲ್ಲೇ. ಎರಡು ಬಗೆಯ ಚಿಪ್ಪು ಸಿಕ್ಕವು. ಒಂದು ಮೊನೆಯಾದದ್ದು, ಬಾಯಿ ಅಗಲ: ಲಿಮ್ನಿಯಾ, ಫ್ಯಾಸಿಯೋಲಾ ಬೆಳೆಯುವ ಮನೆ. ಇನ್ನೊಂದು ಚಕ್ಕುಲಿ ಸುತ್ತಿದ ಹಾಗೆ ಚಪ್ಪಟೆ: ಇಂಡೋಪ್ಲಾನಾರ್ಬಿಸ್, ಆಂಫಿಸ್ಟೋಮಿನ ಮನೆ.

ಗ್ಲೌಸ್ ಇಲ್ಲದೆ ಮುಟ್ಟಬೇಡಿ ಅಂದಿದ್ದೆ. ಚಕ್ಕುಲಿ ಚಿಪ್ಪಿನಿಂದ ಶಿಸ್ಟೋಸೋಮಾ ಅನ್ನುವ ಇನ್ನೊಂದು ಫ್ಲೂಕಿನ ಮರಿಯೂ ಹೊರಬರಬಹುದು. ಅದು ಮನುಷ್ಯರ ಚರ್ಮಕ್ಕೆ ಹೊಕ್ಕು ತುರಿಕೆ ತರುತ್ತದೆ. ನಾಟಿ ಮಾಡುವವರ ಕಾಲಿನ ತುರಿಕೆಗೆ ಎಷ್ಟೋ ಸಲ ಇದೇ ಕಾರಣ.

ಸಗಣಿಯ ಮೊಟ್ಟೆ ನೀರಿಗೆ ಬಿದ್ದರೆ ಮರಿ ಒಡೆಯುತ್ತದೆ, ಬಸವನಹುಳುವಿನೊಳಗೆ ಹೊಕ್ಕು ಒಂದು ನೂರಾಗುತ್ತದೆ, ಬಾಲದ ಮರಿಯಾಗಿ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿ ಗಟ್ಟಿ ಗೂಡು ಕಟ್ಟುತ್ತದೆ. ಆ ಹುಲ್ಲು ತಿಂದ ದನಕ್ಕೆ ಹುಳು. ನಮ್ಮ ಫ್ಲೂಕಿನ ಹತ್ತಿರದ ಸಂಬಂಧಿ ಫ್ಯಾಸಿಯೋಲಾ ಹೆಪಾಟಿಕಾದ ಈ ಸುತ್ತನ್ನು ಜರ್ಮನಿಯ ಲ್ಯೂಕಾರ್ಟ್ ಮತ್ತು ಇಂಗ್ಲೆಂಡಿನ ಥಾಮಸ್ ಬೇರೆ ಬೇರೆಯಾಗಿ 1881-83ರ ಹೊತ್ತಿಗೆ ಬಿಡಿಸಿದರು. ಅಕ್ಕನಿಗೆ ಇದನ್ನು ಗುಂಡಿಯ ಬದಿಯಲ್ಲೇ ನಿಂತು ಹೇಳಿದೆವು. ಅವರು ಸ್ವಲ್ಪ ಹೊತ್ತು ಗುಂಡಿಯನ್ನೇ ನೋಡಿದರು. "ಹಾಗಾದ್ರೆ ನಾನೇ ಕೈಯಾರೆ ಕೊಯ್ದು ಹಾಕಿದ್ದು ಅಲ್ವಾ" ಅಂದರು. ಮೇಡಂ ಅವರ ಭುಜ ಮುಟ್ಟಿ, "ಗೊತ್ತಿದ್ದು ಹಾಕಿದ್ದಲ್ಲ ಅಕ್ಕ" ಅಂದರು.

ಮಾಡಬಹುದಾದದ್ದು ಇಷ್ಟು. ಗುಂಡಿಗಳಿಗೆ ಬೇಲಿ. ಕುಡಿಯುವ ನೀರು ಕೊಟ್ಟಿಗೆಯಲ್ಲೇ. ಬದುವಿನ ಹುಲ್ಲನ್ನು ನೀರಿನ ಗೆರೆಗಿಂತ ಒಂದು ಗೇಣು ಮೇಲೆ ಕೊಯ್ದು, ಬಿಸಿಲು ಸಿಕ್ಕಾಗ ಚೆನ್ನಾಗಿ ಒಣಗಿಸಿ ಹಾಕುವುದು. ಹಸಿ ಸಗಣಿ ಗದ್ದೆಗೆ ಹೋಗದೆ ಗೊಬ್ಬರಗುಂಡಿಯಲ್ಲಿ ಕಾವು ಏರಿ ಕೊಳೆಯಬೇಕು. ಇಡೀ ಗದ್ದೆಯ ಬಸವನಹುಳು ಕೊಲ್ಲುವ ಮಾತನ್ನು ನಾವು ಆಡಲಿಲ್ಲ. ಆ ನೀರು ಕೆಳಗಿನ ಮನೆಯವರದೂ ಹೌದು.

ಮತ್ತೆ ನೋಡಿದಾಗ

ಐದನೇ ದಿನಕ್ಕೆ ಕಡಸಿನ ಸಗಣಿ ಗಟ್ಟಿಯಾಯಿತು. ಎರಡು ವಾರಕ್ಕೆ ಹಸುವಿನ ಬಾವು ಇಳಿಯಿತು. ಹಾಲು ಏಳು ಲೀಟರಿಗೆ ಬಂದು ನಿಂತಿತು, ಒಂಬತ್ತಕ್ಕೆ ಏರಲಿಲ್ಲ. ಪಿತ್ತನಾಳ ಒಮ್ಮೆ ದಪ್ಪವಾದರೆ ಮೊದಲಿನಂತಾಗುವುದು ಕಷ್ಟ. ಆ ಮಾತನ್ನು ಮೇಡಂ ಅಕ್ಕನಿಂದ ಮುಚ್ಚಿಡಲಿಲ್ಲ.

ಹಸುವಿನ ಮರುಪರೀಕ್ಷೆಯನ್ನು ಬೇಗ ಮಾಡಲಿಲ್ಲ. ಹುಳು ಸತ್ತರೂ ಪಿತ್ತಕೋಶದಲ್ಲಿ ಉಳಿದ ಮೊಟ್ಟೆ ಎರಡು ಮೂರು ವಾರ ಬರುತ್ತಿರುತ್ತದೆ, ಔಷಧಿ ಕೆಲಸ ಮಾಡಿಲ್ಲ ಅಂತ ಮೋಸ ಹೋಗುತ್ತೇವೆ. ನಾಲ್ಕನೇ ವಾರ ನೋಡಿದಾಗ ಫ್ಯಾಸಿಯೋಲಾ ಸಿಗಲಿಲ್ಲ, ಆಂಫಿಸ್ಟೋಮ್ ಒಂದು. ಆಕ್ಸಿಕ್ಲೋಜನೈಡ್ ಎಳೆಯ ಫ್ಯಾಸಿಯೋಲಾವನ್ನು ಕೊಲ್ಲುವುದಿಲ್ಲ. ಡಿಸೆಂಬರಿನಲ್ಲಿ ಎರಡೂ ಗದ್ದೆಯಲ್ಲಿ ಮೇದಿವೆ. ಆಗ ಹೊಕ್ಕದ್ದೇನಾದರೂ ಇದ್ದರೆ ಏಪ್ರಿಲ್ ಹೊತ್ತಿಗೆ ಗೊತ್ತಾಗಬೇಕು. ಆದ್ದರಿಂದ ಎರಡರ ಮಾದರಿಯನ್ನೂ ಏಪ್ರಿಲ್ ಕೊನೆಗೆ ಮತ್ತೆ ತರಿಸಿದೆವು.

ಆ ಹೊತ್ತಿಗೆ ಹುಡುಗಿಯ ತರಬೇತಿ ಮುಗಿದಿತ್ತು. ಆದರೂ ಒಂದು ದಿನ ಬಂದು ಆ ಡಬ್ಬಿಗಳನ್ನು ತಾನೇ ತೊಳೆದು ನೋಡಿದಳು. ಕಡಸಿನ ಚೀಟಿಯಲ್ಲಿ ಅವಳು ಬರೆದದ್ದು: "ಗುದದಿಂದ ತೆಗೆದ ಮಾದರಿ, ಐದು ಗ್ರಾಂ, ಸೆಡಿಮೆಂಟೇಷನ್, ಐದು ಸ್ಲೈಡ್. ಫ್ಯಾಸಿಯೋಲಾ ಮೊಟ್ಟೆ ಎರಡು. ಗದ್ದೆಗೆ ಬಿಟ್ಟು 17 ವಾರ." ಮೇಡಂ ಓದಿ, ಏನೂ ಕೇಳದೆ, ಔಷಧಿ ಚೀಟಿ ಎಳೆದುಕೊಂಡರು.